ಕುಂಕುಮ ಹತ್ತಿದ ಸರ್ಕಾರಿ ಕಾಗದ

ಭವಾನಿ ಪೇಟೆ, ಪುಣೆ
ತಾ. ೧೨ ಏಪ್ರಿಲ್ ೧೯೨೩, ಗುರುವಾರ

ಕರಾಚಿಯಲ್ಲಿರುವ ನಮ್ಮವರಿಗೆ ಸಾವಂತ್ರವ್ವ ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲರೂ ಸುಖವಾಗಿದ್ದೇವೆ. ನಿಮ್ಮ ಕೆಮ್ಮು ಹೇಗಿದೆ ಎಂಬುದನ್ನು ಮೊದಲು ಬರೆಯಿರಿ. ಹೋದ ಪತ್ರದಲ್ಲಿ ಅದರ ಸುದ್ದಿಯೇ ಇರಲಿಲ್ಲ. ಅದರಿಂದಲೇ ಇನ್ನೂ ಹೋಗಿಲ್ಲವೆಂದು ತಿಳಿದುಕೊಂಡೆ. ಹೋಗಿದ್ದರೆ ನೀವು ನಾಲ್ಕು ಸಾಲು ಬರೆದು ಬೀಗುತ್ತಿದ್ದಿರಿ. ಸಂಜೆ ಬಂದರಿನ ಗಾಳಿಗೆ ನಿಲ್ಲಬೇಡಿರಿ, ನಿಂತರೂ ಕಿವಿಗೆ ಬಟ್ಟೆ ಕಟ್ಟಿಕೊಳ್ಳಿರಿ. ಕರಾಚಿಯ ಜನ ನೋಡಿ ನಕ್ಕರೆ ನಗಲಿ, ಅವರೇನು ನಿಮಗೆ ಕಷಾಯ ಕಾಸಿ ಕೊಡುವುದಿಲ್ಲ. ನಿಮ್ಮ ಮಗಳು ಪಾರವ್ವನ ಮುಂದಿನ ಎರಡು ಹಲ್ಲು ಬಿದ್ದಿವೆ. ಬೋಟು, ಬಂದರು, ಸಮುದ್ರ ಎಂದು ನೀವು ಬರೆದದ್ದನ್ನು ಓದಿ ಹೇಳಿದ್ದೇ ತಪ್ಪಾಯಿತು, ಓಣಿಯಲ್ಲಿ ಕಂಡಕಂಡವರಿಗೆಲ್ಲ "ನಮ್ಮಪ್ಪ ಸಮುದ್ರದಾಗ ಇರ್ತಾನ" ಎಂದು ಹೇಳಿಕೊಂಡು ತಿರುಗುತ್ತಿದ್ದಾಳೆ. ಮೊನ್ನೆ ಹಾಲಿನವಳು, ಹಾಗಾದರೆ ಊಟಕ್ಕೆ ಏನು ಮಾಡುತ್ತಾರೆ ಎಂದು ನನ್ನನ್ನೇ ಕೇಳಿದಳು.

ಇನ್ನು ಮುಖ್ಯ ಸಂಗತಿ. ಗೊತ್ತಿರುವುದನ್ನೇ ತಿರುಗಿ ಬರೆಯುತ್ತಾಳೆಂದು ನಗಬೇಡಿರಿ; ಲೆಕ್ಕದ ಮಾತನ್ನು ಬುಡದಿಂದ ಹೇಳಬೇಕೆಂದು ನಮ್ಮಪ್ಪ ಕಲಿಸಿದ್ದು. ನಿಮ್ಮ ಗೋದಿ ಕಂಪನಿಯಲ್ಲಿ ಖಜಾಂಚಿಯ ಜಾಗ ಖಾಲಿಯಾಗಿದೆ, ಸಾಹೇಬರಿಗೆ ನಿಮ್ಮ ಮೇಲೆ ಮನಸ್ಸಿದೆ. ಆ ಕೆಲಸ ಸಿಕ್ಕರೆ ಕಂಪನಿಯ ಚಾಳಿನಲ್ಲಿ ಎರಡು ಕೋಣೆ ಸಿಗುತ್ತವೆ, ನಾನೂ ಪಾರಿಯೂ ಅಲ್ಲಿಗೆ ಬಂದು ಇರಬಹುದು. ಆದರೆ ಕಂಪನಿಯ ಹಣ ಮುಟ್ಟುವವರು ಸಾವಿರದ ಇನ್ನೂರು ರೂಪಾಯಿ ಜಾಮೀನು ಇಡಬೇಕು, ಅದೂ ಮೇ ಒಂದನೆಯ ತಾರೀಖಿನೊಳಗೆ. ಇಡದಿದ್ದರೆ ಜಾಗ ಬೇರೆಯವರ ಪಾಲು, ನೀವು ಅಲ್ಲಿ, ನಾವು ಇಲ್ಲಿ, ಇನ್ನೆಷ್ಟು ವರ್ಷವೋ. ಅದಕ್ಕೆ ನೀವು ಶಿವರಾತ್ರಿಯ ಹೊತ್ತಿಗೆ ಪತ್ರ ಬರೆದು, ನಮ್ಮಪ್ಪ ಕೊಟ್ಟ ಸರ್ಕಾರಿ ಸಾಲದ ಕಾಗದವನ್ನು ಮಾರಿ ಹಣ ಕಳಿಸು ಎಂದಿರಿ. ಆ ಒಂದು ಸಾಲು ಬರೆಯುವ ಮುಂಚೆ ನೀವು ಎರಡು ಪುಟ ಕ್ಷಮೆ ಕೇಳಿದ್ದನ್ನು ಓದಿ ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಕಾಗದ ನನ್ನ ಹೆಸರಿನದಿರಬಹುದು. ನೀವು ಯಾರ ಹೆಸರಿನವರು?

ಪತ್ರ ಬಂದ ದಿನ ಮನೆಯಲ್ಲಿ ಸಭೆಯೇ ಸೇರಿತು. ಸಭೆ ಎಂದರೆ ನಾನು, ಅತ್ತೆಯವರು ಮತ್ತು ನಿಮ್ಮ ತಮ್ಮ ಫಕೀರಪ್ಪ. ತನ್ನ ಬೆಲ್ಲದ ಅಂಗಡಿಯಿಂದ ಬಂದವನು ಕೈ ಸಹ ತೊಳೆಯದೆ ಕುಳಿತು, ಕಾಗದವನ್ನು ಈಗ ಮಾರಕೂಡದೆಂದು ಶುರುಮಾಡಿದ. ನಮ್ಮಪ್ಪ ಧಾರವಾಡದ ಖಜಾನೆಯಲ್ಲಿ ಗುಮಾಸ್ತರಾಗಿದ್ದಾಗ ನೂರಕ್ಕೆ ತೊಂಬತ್ತಾರರಂತೆ ಕೊಟ್ಟು ಎರಡು ಸಾವಿರದ ಕಾಗದ ಕೊಂಡಿದ್ದರು, ನನ್ನ ಮದುವೆಯಲ್ಲಿ ಅದರ ಬೆನ್ನ ಮೇಲೆ ನನ್ನ ಹೆಸರಿಗೆ ಬರೆದು ಸಹಿ ಮಾಡಿ ಕೊಟ್ಟರು. ಅದೇ ಕಾಗದಕ್ಕೆ ಈಗ ಪೇಟೆಯಲ್ಲಿ ನೂರಕ್ಕೆ ಅರವತ್ತೆರಡು ಬೆಲೆ. "ವೈನಿ, ತೊಂಬತ್ತಾರರ ಮಾಲು ಅರವತ್ತೆರಡಕ್ಕ ಕೊಡೂದಂದ್ರ ನಮ್ಮ ತಲಿ ಮ್ಯಾಲೆ ನಾವ ಕಲ್ಲು ಹಾಕ್ಕೊಂಡಾಂಗ ಆತಲ್ರಿ. ತಿರಗಿ ತೊಂಬತ್ತಾರು ಆಗೂತನಾ ತಡೀರಿ" ಎಂದ. ತೊಂಬತ್ತಾರು ಅಪ್ಪನ ಕಾಲದ ಮಾತು, ನನ್ನ ಕೈಯಲ್ಲಿರುವುದು ಅರವತ್ತೆರಡು. ಮಾರದೆ ಪೆಟ್ಟಿಗೆಯಲ್ಲಿಟ್ಟರೂ ಅದು ಅರವತ್ತೆರಡೇ ಎಂದೆ. ಅವನಿಗೆ ಅದು ಒಪ್ಪಿಗೆಯಾಗಲಿಲ್ಲ. ಸರಕು ಇಟ್ಟುಕೊಂಡು ಬೆಲೆ ಕಾಯುವುದು ಅವನ ರಕ್ತದಲ್ಲೇ ಇದೆ.

ಮಾರಲೇಬೇಕೆಂದರೆ ಜೂನ್ ಕೊನೆಯ ಬಡ್ಡಿ ತೆಗೆದುಕೊಂಡ ಮೇಲೆ ಮಾರೋಣ, ಈಗ ಮಾರಿದರೆ ಜನವರಿಯಿಂದ ಕೂಡಿದ ಬಡ್ಡಿಯೆಲ್ಲ ಕೊಂಡವನ ಪಾಲಾಗುತ್ತದೆ ಎಂಬುದು ಅವನ ಎರಡನೆಯ ತಕರಾರು. ಅದು ಹಾಗಲ್ಲ. ಅರವತ್ತೆರಡು ಎಂಬುದು ಕಾಗದದ ಬೆಲೆ ಮಾತ್ರ. ಹಿಂದಿನ ಬಡ್ಡಿ ಬಂದ ದಿನದಿಂದ ಮಾರುವ ದಿನದವರೆಗಿನ ಬಡ್ಡಿಯನ್ನು ಕೊಳ್ಳುವವನು ಬೆಲೆಯ ಮೇಲೆ ಬೇರೆಯಾಗಿ ಕೊಡುತ್ತಾನೆ. ಜೂನ್ ಮುಗಿದಾಗ ಅವನು ಆರು ತಿಂಗಳದ್ದು ಪೂರ್ತಿ ತೆಗೆದುಕೊಳ್ಳುತ್ತಾನೆ, ನಮಗೆ ಕೊಟ್ಟದ್ದು ಅವನಿಗೆ ತಿರುಗಿ ಬರುತ್ತದೆ. ನಾವು ಬಾಡಿಗೆಗಿರುವ ಈ ವಾಡೆಯನ್ನು ಮಾಲಕ ತಿಂಗಳ ನಡುವೆ ಮಾರಿದರೆ ಅಲ್ಲಿಯವರೆಗಿನ ಬಾಡಿಗೆ ಹಳೆಯ ಮಾಲಕನದು, ಮುಂದಿನದು ಹೊಸಬನದು, ಇಷ್ಟೇ ಎಂದು ತಿಳಿಸಿ ಹೇಳಿದೆ. ಫಕೀರಪ್ಪ ಬೆರಳು ಮಡಚಿ ಎಣಿಸಿ, ಒಂಬತ್ತು ರೂಪಾಯಿ ಚಿಲ್ಲರೆ ಬರುತ್ತದೆಂದು ತಾನೇ ಲೆಕ್ಕ ಹಾಕಿ, ಇದನ್ನು ಯಾರೂ ನನಗೆ ಹೇಳಿರಲಿಲ್ಲ ಎಂದು ಮುಖ ಸಣ್ಣ ಮಾಡಿಕೊಂಡ.

ಮೂರನೆಯದನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಅವನೇ ನಿಮಗೆ ಬರೆಯುತ್ತಾನೆ. ಬೆಲ್ಲದ ವ್ಯಾಪಾರಿ ಮಲಕಪ್ಪನಿಗೆ ಹಣ ಕೊಟ್ಟರೆ ವರ್ಷಕ್ಕೆ ನೂರಕ್ಕೆ ಒಂಬತ್ತು ಕೊಡುತ್ತಾನಂತೆ, ಸರ್ಕಾರ ಕೊಡುವುದು ಬರೀ ಮೂರೂವರೆ, ನಿಮ್ಮ ಕರಾಚಿಯ ಗೊಡವೆಯೇ ಬೇಡವಂತೆ. ಆ ಮೂರೂವರೆ ಕಾಗದದ ಮೇಲೆ ಬರೆದ ನೂರಕ್ಕೆ. ಇವತ್ತಿನ ಅರವತ್ತೆರಡರ ಮೇಲೆ ಲೆಕ್ಕ ಹಾಕಿದರೆ ನೂರಕ್ಕೆ ಐದೂವರೆಗಿಂತ ತುಸು ಹೆಚ್ಚೇ ಬೀಳುತ್ತದೆ. ಒಂಬತ್ತನ್ನು ಅದಕ್ಕೆ ಹೋಲಿಸಬೇಕು. ಇನ್ನು ಉಳಿದ ಮೂರು ರೂಪಾಯಿ ಚಿಲ್ಲರೆ ಯಾತಕ್ಕೆ ಎಂದು ಕೇಳಿದ, ಮಲಕಪ್ಪನ ಗೋದಾಮಿನ ಮಾಡು ಸೋರುತ್ತದಲ್ಲ, ಅದನ್ನು ನೆನೆದು ನಿದ್ದೆಗೆಡುವ ಕೂಲಿ ಎಂದೆ. ಹೋದ ಮಳೆಗಾಲದಲ್ಲಿ ಆ ಗೋದಾಮಿನಿಂದ ಒದ್ದೆಯಾದ ಬೆಲ್ಲವನ್ನು ಹೊತ್ತು ಹಾಕಿದವನು ಫಕೀರಪ್ಪನೇ, ಅದಕ್ಕೇ ನಕ್ಕುಬಿಟ್ಟ. ಆದರೆ ಮಲಕಪ್ಪ ಈವರೆಗೆ ಯಾರ ಬಡ್ಡಿಯನ್ನೂ ನಿಲ್ಲಿಸಿಲ್ಲ ಎಂದು ಅವನು ಹೇಳಿದ್ದು ನಿಜ, ಅದನ್ನೂ ಹೇಳಬೇಕು.

ಇಷ್ಟೆಲ್ಲ ಗೆದ್ದೆನೆಂದು ಬೀಗಿಕೊಂಡು ಮರುದಿನ ಕಾಗದವನ್ನು ದಲಾಲನ ಹತ್ತಿರ ಕಳಿಸಿದರೆ, ಅವನು ಅದನ್ನು ತುದಿಬೆರಳಲ್ಲಿ ಹಿಡಿದು ವಾಪಸು ಕೊಟ್ಟನಂತೆ. ಕಾರಣ ಕೇಳಿದರೆ ನೀವು ಸಿಟ್ಟಾಗುವಿರೋ ನಗುವಿರೋ ತಿಳಿಯದು. ಹೋದ ದೀಪಾವಳಿಗೆ ನೀವು ಮೊದಲ ಸಲ ಮನೆಯಲ್ಲಿರಲಿಲ್ಲ. ಲಕ್ಷ್ಮೀಪೂಜೆಗೆ ಅಂಗಡಿಯ ಲೆಕ್ಕದ ಪುಸ್ತಕ, ತಕ್ಕಡಿ, ಬೆಳ್ಳಿ ರೂಪಾಯಿ ಎಲ್ಲ ಮಣೆಯ ಮೇಲೆ ಇಟ್ಟಾಗಿತ್ತು. ಅತ್ತೆಯವರು ಎಂದಿನಂತೆ ಸೊಸೆಯ ಕಾಗದವೂ ಇರಲಿ ಎಂದು ತರಿಸಿದರು. ಪ್ರತಿ ವರ್ಷ ಚೀಲದಲ್ಲೇ ಇದ್ದು ಪೂಜೆ ಮಾಡಿಸಿಕೊಂಡ ಕಾಗದ ಅದು. ಈ ಸಲ "ಮಡಚಿಟ್ಟ ಕಾಗದಕ್ಕ ಪೂಜಿ ಹ್ಯಾಂಗ ಮುಟ್ಟತದ" ಎಂದು ಬಿಚ್ಚಿ, ಮುಂದೆ ಪೂರ್ತಿ ಅಚ್ಚಿನಕ್ಷರವಿದೆ ಎಂದು ಬೆನ್ನು ತಿರುಗಿಸಿ, ನೀರಲ್ಲಿ ಕಲಸಿದ ಅರಿಷಿಣ ಕುಂಕುಮವನ್ನು ಐದೂ ಬೆರಳಿನಿಂದ ಧಾರಾಳವಾಗಿ ಹಚ್ಚಿದ್ದಾರೆ. ನಾನು ಒಳಗೆ ಕರ್ಜಿಕಾಯಿ ಕರಿಯುತ್ತಿದ್ದೆ. ಹೊರಗೆ ಬಂದು ನೋಡುವಷ್ಟರಲ್ಲಿ ನಮ್ಮಪ್ಪನ ಅಕ್ಷರ, ಸಹಿ, ಈರಬಸಪ್ಪ ಎಂಬ ಅವರ ಹೆಸರು, ನನ್ನ ಹೆಸರು, ಎಲ್ಲ ಕೆಂಪಾಗಿ ಹರಡಿತ್ತು. ಮಗನಿಗೆ ಪರದೇಶದಲ್ಲಿ ದೊಡ್ಡ ಕೆಲಸ ಸಿಗಲಿ ಎಂದು ಬೇಡಿಕೊಂಡು ಹಚ್ಚಿದ್ದಂತೆ. ಜನವರಿಯಲ್ಲಿ ಬಡ್ಡಿಗೆ ಹೋದಾಗ ಇಲ್ಲಿಯ ಖಜಾನೆಯ ಗುಮಾಸ್ತರು ಕಾಗದವನ್ನು ಕಣ್ಣಿಗೊತ್ತಿಕೊಂಡು ಹಣ ಎಣಿಸಿ ಕೊಟ್ಟಿದ್ದರಿಂದ ನಾವು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಕೊಳ್ಳುವವರು ಹಾಗೆ ಬಿಡುವುದಿಲ್ಲ. ಯಾರಿಂದ ಯಾರಿಗೆ ಬಂತು ಎಂಬುದು ಕಾಣದ ಕಾಗದ ಅವರಿಗೆ ಬೇಡ.

ಮುಂಬಯಿಯ ಸರ್ಕಾರಿ ಕಚೇರಿಗೆ ಕಳಿಸಿದರೆ ಹಳೆಯದನ್ನು ಇಟ್ಟುಕೊಂಡು ನನ್ನ ಹೆಸರಿಗೆ ಹೊಸ ಕಾಗದ ಕೊಡುತ್ತಾರೆ, ಆದರೆ ಕೆಡಿಸಿದವರು ಮ್ಯಾಜಿಸ್ಟ್ರೇಟರ ಮುಂದೆ ನಿಂತು ಪ್ರಮಾಣ ಮಾಡಿ ಬರೆದುಕೊಡಬೇಕು ಎಂದು ದಲಾಲನೇ ದಾರಿ ತೋರಿಸಿದ. ಇಲ್ಲಿ ನಮ್ಮ ಗಾಡಿ ನಿಂತಿತು. ಅತ್ತೆಯವರು ಬಿಲ್‌ಕುಲ್ ಒಪ್ಪಲಿಲ್ಲ. "ಲಕ್ಷ್ಮೀಗೆ ಕುಂಕಮ ಹಚ್ಚಿ ಕಚೇರಿ ಮೆಟ್ಟಲಾ ಹತ್ತಿದಾಕಿನ್ನ ನಾ ಎಲ್ಲೂ ಕಂಡಿಲ್ಲ" ಎಂದು ಗೋಡೆಗೆ ಮುಖ ಮಾಡಿ ಕುಳಿತರು. ಫಕೀರಪ್ಪ ಗದರಿದ, ನಾನು ಬೇಡಿಕೊಂಡೆ, ಯಾವುದೂ ನಡೆಯಲಿಲ್ಲ. ದಿನಗಳು ಹೋಗುತ್ತಿದ್ದವು. ನನಗೆ ಅವರ ಮೇಲೆ ಭಾರೀ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಬರೆಯಲಿ. ಆದರೆ ರಾತ್ರಿ ಪಾರಿ ಅವರ ಸೆರಗು ಹೊದ್ದು ಮಲಗಿರುವುದನ್ನು ನೋಡಿದಾಗ ಆ ಸಿಟ್ಟು ಉಳಿಯುತ್ತಿರಲಿಲ್ಲ. ಕಾಗದ ಶುದ್ಧವಾದರೆ ಜಾಮೀನು ಆಗುತ್ತದೆ, ಜಾಮೀನು ಆದರೆ ನಾವಿಬ್ಬರೂ ಇಲ್ಲಿಂದ ಹೊರಡುತ್ತೇವೆ. ಇದು ಅವರಿಗೆ ಗೊತ್ತಿರಲಿಲ್ಲವೆಂದು ತಿಳಿದಿರಾ? ನಿಮ್ಮ ಅವ್ವ ಓದಿಲ್ಲ, ಆದರೆ ಈ ಲೆಕ್ಕವನ್ನು ನಮಗಿಂತ ಮೊದಲೇ ಹಾಕಿಟ್ಟಿದ್ದರು.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಇಬ್ಬರೂ ಬೇಳೆ ಆರಿಸುತ್ತ ಕುಳಿತಿದ್ದೆವು. ಅಷ್ಟು ದಿನ ಕಾಗದದ ಮಾತೆತ್ತದವರು ತಾವಾಗಿಯೇ, "ನಿಮ್ಮಪ್ಪ ತೊಂಬತ್ತಾರು ಕೊಟ್ಟು ತಂದಾವ, ಈಗ ಅರವತ್ತೆರಡು ಅಂತಾರ. ಕಾಗದಕ್ಕೂ ವಯಸ್ಸಾಗತದೇನ ಸಾವಂತ್ರಿ?" ಎಂದರು. ಇಲ್ಲ ಅತ್ತಿ, ಅದಕ್ಕೇನೂ ಆಗಿಲ್ಲ, ಅಂದು ವರ್ಷಕ್ಕೆ ಎಪ್ಪತ್ತು ರೂಪಾಯಿ ಕೊಡುತ್ತಿತ್ತು, ಇಂದೂ ಎಪ್ಪತ್ತೇ ಕೊಡುತ್ತಿದೆ ಎಂದೆ. ದೊಡ್ಡ ಯುದ್ಧ ಬಂದು ಸರ್ಕಾರಕ್ಕೆ ಹಣ ಸಾಲದಾಗಿ ನೂರಕ್ಕೆ ಐದು, ಆರು ಎಂದು ಕೊಟ್ಟು ಹೊಸ ಸಾಲ ಎತ್ತಿತು. ಹೊಸ ಕಾಗದ ಆರು ಕೊಡುವಾಗ ಹಳೆಯ ಮೂರೂವರೆಯದಕ್ಕೆ ಯಾರು ಪೂರ್ತಿ ನೂರು ಕೊಡುತ್ತಾರೆ? ಬೆಲೆ ಇಳಿಸಿಯೇ ಕೇಳುತ್ತಾರೆ. ನಾಳೆ ಹೊರಗೆ ಬಡ್ಡಿ ಇಳಿದರೆ ಇದರ ಬೆಲೆ ತಾನೇ ಏರುತ್ತದೆ. ಇಷ್ಟನ್ನು ನಿಧಾನವಾಗಿ ಹೇಳಿದೆ. ಅವರು ಮೊರ ಕೆಳಗಿಟ್ಟು, "ಅಂದ್ರ ಕಾಗದದ್ದೇನೂ ತಪ್ಪಿಲ್ಲ" ಎಂದರು. "ಇಲ್ರೀ ಅತ್ತಿ, ಅದು ಕೊಡೂದು ಅದು ಕೊಡಾಕತ್ತೇದ. ನೋಡವ್ರ ಕಣ್ಣು ಬ್ಯಾರೆ ಆಗ್ಯಾವ" ಎಂದೆ. ಮೊರವನ್ನು ತಿರುಗಿ ಎತ್ತಿಕೊಂಡರು. ವಯಸ್ಸಾದದ್ದು, ಬೆಲೆ ಇಳಿದದ್ದು ಎಂದು ಅವರು ಕೇಳಿದ್ದು ಕಾಗದದ ಬಗ್ಗೆ ಮಾತ್ರ ಅಲ್ಲವೆಂದು ಅವರ ಮುಖ ನೋಡಿ ತಿಳಿಯಿತು. ಮರುದಿನ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು ಕುಳಿತು, ಟಾಂಗಾ ತರಿಸು ಎಂದು ಫಕೀರಪ್ಪನಿಗೆ ಅಪ್ಪಣೆ ಮಾಡಿದರು.

ಕಚೇರಿಯ ಕಥೆಯನ್ನು ನೀವು ಅವರ ಬಾಯಿಂದಲೇ ಕೇಳಬೇಕು. ಮ್ಯಾಜಿಸ್ಟ್ರೇಟರು ಮರಾಠಿಯವರು, ಒಳ್ಳೆಯ ವಯಸ್ಸಾದವರು. ಈ ಕಾಗದ ಕೆಡಿಸಿದ್ದು ನೀವೇ ಏನು, ಬಾಯಿಯವರೇ ಎಂದು ಮೆಲ್ಲಗೆ ಕೇಳಿದರು. ಅತ್ತೆಯವರು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ "ಕೆಡಿಸಿಲ್ರಿ ಸಾಹೇಬ್ರ, ಪೂಜಿ ಮಾಡೀನಿ. ಹಂಗ ಬರಕೋರಿ" ಎಂದರು. ಕಾರಕೂನ ಅಜಾಗರೂಕತೆಯಿಂದ ಎಂದು ಬರೆದಿದ್ದನಂತೆ. ಅದನ್ನು ಓದಿಸಿ ಕೇಳಿ, ನಾನು ಬಹಳ ಜಾಗರೂಕತೆಯಿಂದಲೇ ಹಚ್ಚಿದ್ದೇನೆ, ಅದನ್ನು ಹೊಡೆದುಹಾಕುವತನಕ ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ಕೈ ಹಿಂದೆ ಕಟ್ಟಿಕೊಂಡರು. ಸಾಹೇಬರು ನಕ್ಕು, ದೀಪಾವಳಿಯ ಪೂಜೆಯಲ್ಲಿ ಭಕ್ತಿಯಿಂದ ಹಚ್ಚಿದ್ದು ಎಂದು ತಿದ್ದಿಸಿದರು. ಆಮೇಲೆ ನೋಡಬೇಕಿತ್ತು ನಿಮ್ಮ ಅವ್ವನ ಗತ್ತು, ಟಾಂಗಾದಲ್ಲಿ ಮನೆ ಮುಟ್ಟುವವರೆಗೂ ಮಸಿಯ ಹೆಬ್ಬೆರಳನ್ನು ಯಾರಿಗೂ ತಾಗದಂತೆ ಎತ್ತಿ ಹಿಡಿದುಕೊಂಡಿದ್ದರು.

ಆ ಬರಹ, ಧಾರವಾಡದ ಖಜಾನೆಯಿಂದ ಅಪ್ಪನ ಸಹಿಯ ದಾಖಲೆ, ಹಳೆಯ ಕಾಗದ, ಎಲ್ಲ ತೆಗೆದುಕೊಂಡು ಫಕೀರಪ್ಪ ಎರಡು ಸಲ ಮುಂಬಯಿಗೆ ಹೋಗಿಬಂದ. ಎರಡನೆಯ ಸಲ ಲೋಣಾವಳೆಯಲ್ಲಿ ಗಾಡಿ ನಿಂತಾಗ ಇಳಿದು ಪಾರಿಗೆ ಚಿಕ್ಕಿ ತರಲು ಹೋಗಿ ಗಾಡಿಯನ್ನೇ ತಪ್ಪಿಸಿಕೊಳ್ಳಲಿದ್ದ, ಕಾಗದ ಗಾಡಿಯೊಳಗಿನ ಚೀಲದಲ್ಲಿತ್ತು. ಇದನ್ನು ನನಗೆ ಚಿಕ್ಕಿ ತಿನ್ನಿಸಿದ ಮೇಲೆ ಹೇಳಿದ, ಜಾಣ. ಅಂತೂ ಮೊನ್ನೆ ಹೊಸ ಕಾಗದ ಕೈಗೆ ಬಂತು. ಗರಿಗರಿಯಾಗಿದೆ, ಮುಂದುಗಡೆ ನನ್ನದೇ ಹೆಸರು. ಬೆನ್ನು ಬೆಳ್ಳಗೆ ಖಾಲಿ. ಅಪ್ಪನ ಅಕ್ಷರ ನನ್ನ ಹತ್ತಿರ ಅದೊಂದೇ ಉಳಿದಿತ್ತು, ಇನ್ನು ಅದು ಮುಂಬಯಿಯ ಯಾವುದೋ ಕಪಾಟಿನಲ್ಲಿರುತ್ತದೆ. ಅದನ್ನು ನೆನೆದು ನಾನು ಅತ್ತುಬಿಟ್ಟೆ. ಅತ್ತೆಯವರು ನನ್ನ ಬೆನ್ನ ಮೇಲೆ ಕೈಯಿಟ್ಟು ತಾವೂ ಅತ್ತರು, ಕಾಗದದ ಹತ್ತಿರ ಮಾತ್ರ ಸುಳಿಯಲಿಲ್ಲ.

ಈಗ ನನ್ನ ಮಾತು ಕೇಳಿರಿ. ಇದನ್ನು ಮಾರುವುದೇ ಬೇಡ ಎನಿಸುತ್ತದೆ. ನಗದು ಇಟ್ಟರೆ ನಿಮ್ಮ ಕಂಪನಿ ನೂರಕ್ಕೆ ನಾಲ್ಕು ಬಡ್ಡಿ ಕೊಡುತ್ತದೆ ಎಂದು ಬರೆದಿದ್ದೀರಿ. ಸಾವಿರದ ಇನ್ನೂರಕ್ಕೆ ವರ್ಷಕ್ಕೆ ನಲವತ್ತೆಂಟು ಆಯಿತು. ಕಾಗದವನ್ನೇ ಜಾಮೀನಾಗಿ ಅವರ ಕೈಗಿಟ್ಟರೆ ಎಪ್ಪತ್ತು ನಮಗೆ ಬರುತ್ತಲೇ ಇರುತ್ತದೆ, ಕಾಗದವೂ ನಮ್ಮದಾಗಿಯೇ ಉಳಿಯುತ್ತದೆ. ಇವತ್ತಿನ ಬೆಲೆಗೆ ಹಿಡಿದರೂ ಸಾವಿರದ ಇನ್ನೂರ ನಲವತ್ತು ಆಗುತ್ತದೆ, ಕೇಳಿದ್ದಕ್ಕಿಂತ ಹೆಚ್ಚು. ಬೆಲೆ ಇನ್ನೂ ಇಳಿದರೆ ಕಡಿಮೆ ಬಿದ್ದದ್ದನ್ನು ಸಂಬಳದಲ್ಲಿ ಹಿಡಿಯಿರಿ ಎಂದು ಬರೆದುಕೊಡಿರಿ. ಖಜಾನೆಯಲ್ಲಿ ಹೀಗೆ ಕಾಗದವನ್ನೇ ಇಡುತ್ತಿದ್ದರೆಂದು ಅಪ್ಪ ಹೇಳುತ್ತಿದ್ದರು. ಸಾಹೇಬರನ್ನು ಊಟದ ನಂತರ ಕೇಳಿರಿ, ಊಟಕ್ಕೆ ಮುಂಚೆ ಬೇಡ. ಆಗುತ್ತದೆ ಎಂದರೆ ಟಪಾಲು ಕಚೇರಿಯಿಂದ ಒಂದು ತಾರು ಹೊಡೆಯಿರಿ, ಸಹಿ ಮಾಡಬೇಕಾದವಳು ನಾನು, ಕಾಗದದ ಜೊತೆ ನಾನೇ ಬೋಟು ಹತ್ತುತ್ತೇನೆ. ಆಗುವುದಿಲ್ಲ ಎಂದರೂ ತಾರು ಹೊಡೆಯಿರಿ, ಅದೇ ದಿನ ಮಾರಿ ಹಣದೊಂದಿಗೆ ಹತ್ತುತ್ತೇನೆ. ಯಾವುದಕ್ಕೆ ನೂರಕ್ಕೆ ಎಷ್ಟು ಬೀಳುತ್ತದೆ ಎಂದು ಹೋಲಿಸಲು ನನಗೆ ಬರುತ್ತದೆ, ಆದರೆ ನಿಮ್ಮನ್ನು ಬಿಟ್ಟು ಇನ್ನೊಂದು ದೀಪಾವಳಿ ಮಾಡುವುದನ್ನು ಯಾವುದರ ಜೊತೆಗೂ ಹೋಲಿಸಲಾರೆ.

ಒಂದೇ ಚಿಂತೆ ಅತ್ತೆಯವರದು. ಅವರೂ ಬರಲಿ ಎಂದು ನೀವು ಪ್ರತಿ ಪತ್ರದಲ್ಲಿ ಬರೆಯುತ್ತೀರಿ, ನಾನು ಪ್ರತಿ ಪತ್ರವನ್ನೂ ಗಟ್ಟಿಯಾಗಿ ಓದುತ್ತೇನೆ, ಅವರು ಆ ಸಾಲು ಬಂದ ಕೂಡಲೇ ಎದ್ದು ಕಟ್ಟೆಗೆ ನೀರು ಹಾಕಲು ಹೋಗುತ್ತಾರೆ. ಪುಣೆಗೆ ಬಂದದ್ದೇ ಬಹಳವಾಯಿತು, ನೀರಿನ ಮೇಲೆ ತೇಲುವ ಮನೆಯಲ್ಲಿ ಕೂಡಲು ನನಗೇನು ಹುಚ್ಚೇ ಎಂಬುದು ಅವರ ಕೊನೆಯ ಮಾತು. ಫಕೀರಪ್ಪ, ಅವನ ಹೆಂಡತಿ ನಾಗವ್ವ ಇಬ್ಬರೂ ಅವರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಆ ಬಗ್ಗೆ ನನಗೆ ಸಂಶಯವಿಲ್ಲ. ಆದರೂ ಪಾರಿಯನ್ನು ಅವರ ಪಕ್ಕದಿಂದ ಎಬ್ಬಿಸಿಕೊಂಡು ಹೊರಡುವ ಬೆಳಗನ್ನು ನೆನೆಯಲೂ ಮನಸ್ಸಾಗುವುದಿಲ್ಲ.

ಆರೋಗ್ಯ ಜೋಪಾನ. ಹೊತ್ತಿಗೆ ಸರಿಯಾಗಿ ಉಣ್ಣಿರಿ. ಫಕೀರಪ್ಪ, ನಾಗವ್ವ ನಿಮಗೆ ಶರಣು ಹೇಳಿದ್ದಾರೆ. ಅತ್ತೆಯವರ ಆಶೀರ್ವಾದ ಸದಾ ನಿಮ್ಮ ಮೇಲಿದೆ, ಅದು ಎಲ್ಲಿ ಹಚ್ಚಬೇಕೆಂಬುದಷ್ಟೇ ಅವರಿಗೆ ಆಗಾಗ ತಪ್ಪುತ್ತದೆ. ಪಾರಿ ತನ್ನ ಬಿದ್ದ ಹಲ್ಲನ್ನು ಲಕೋಟೆಯಲ್ಲಿ ಹಾಕು ಎಂದು ಹಟ ಮಾಡುತ್ತಿದ್ದಾಳೆ, ಹಾಕಿಲ್ಲ.

ನಿಮ್ಮ ದಾರಿ ನೋಡುತ್ತಿರುವ
ಸಾವಂತ್ರವ್ವ

ತಾ.ಕ.: ಟಪಾಲಿನ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವಷ್ಟರಲ್ಲಿ ಅತ್ತೆಯವರು ಬಾಗಿಲಲ್ಲಿ ಬಂದು ನಿಂತು, "ಕರಾಚ್ಯಾಗ ಜ್ವಾಳದ ಹಿಟ್ಟು ಸಿಗತದೇನು, ಕೇಳಿ ಬರಿ" ಎಂದರು. ಯಾರಿಗೆ ಅತ್ತಿ ಎಂದೆ. ಒಳಗೆ ಹೋಗಿಬಿಟ್ಟರು. ಹೋಗಿ ನೋಡಿದರೆ ನನ್ನ ಟ್ರಂಕಿನಿಂದ ನನ್ನ ನಾಲ್ಕು ಸೀರೆ ತೆಗೆದು ಹೊರಗಿಟ್ಟು, ತಳದಲ್ಲಿ ತಮ್ಮ ರೊಟ್ಟಿ ಹಂಚನ್ನು ಹಳೆಯ ಧೋತರದಲ್ಲಿ ಸುತ್ತಿ ಇಟ್ಟಿದ್ದಾರೆ. ನಾನು ಏನೂ ಕೇಳಿಲ್ಲ, ನೀವೂ ಕೇಳಬೇಡಿರಿ. ಚಾಳಿನಲ್ಲಿ ಕೆಳಗಿನ ಕೋಣೆಗಳನ್ನೇ ಹಿಡಿಯಿರಿ, ಅವರ ಮೊಣಕಾಲಿಗೆ ಮೆಟ್ಟಿಲು ಆಗುವುದಿಲ್ಲ. ಬಂದರಿನಲ್ಲಿ ಅವರನ್ನು ಕಂಡಾಗ, ಬರುವುದು ಮೊದಲೇ ಗೊತ್ತಿತ್ತು ಎನ್ನುವಂತೆ ಚೀಲ ತೆಗೆದುಕೊಂಡು ಮುಂದೆ ನಡೆಯಿರಿ. ಅಳಬೇಡಿರಿ. ನೀವು ಅತ್ತರೆ ಮುಂದಿನ ಬೋಟಿಗೇ ವಾಪಸು ಹೊರಟುಬಿಡುತ್ತಾರೆ.